ಅಕ್ಕ ಮುಚ್ಚಿದ ಬಾಯಿಗಳು

ನಮ್ಮ ಅಕ್ಕನ ಕೈಗೆ ಸಿಕ್ಕಿದ ಮೇಲೆ ಇದ್ದ ಹಾಗೇ ಹೊರಗೆ ಹೋದ ಮುಖ ಈ ಊರಿನಲ್ಲಿ ಒಂದೂ ಇಲ್ಲ. ಇದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿಲ್ಲ, ದೂರಾಗಿ ಹೇಳುತ್ತಿದ್ದೇನೆ. ಮೂವತ್ತೆರಡು ವರ್ಷದಿಂದ ಅವಳು ನಮ್ಮ ಫೋಟೋ ಸ್ಟುಡಿಯೋದಲ್ಲಿ ಕೂತು ಮುಖ ತಿದ್ದುತ್ತಿದ್ದಾಳೆ. ಮೊದಲು ನೆಗೆಟಿವ್ ಮೇಲೆ ಪೆನ್ಸಿಲ್ಲು, ಪ್ರಿಂಟಿನ ಮೇಲೆ ಸಣ್ಣ ಬ್ರಷ್ಷು. ಈಗ ಕಂಪ್ಯೂಟರು. ಮೊಡವೆ, ಕಲೆ, ಕಣ್ಣಿನ ಕೆಳಗಿನ ಕಪ್ಪು, ಇಷ್ಟನ್ನು ಯಾವ ಸ್ಟುಡಿಯೋದವರಾದರೂ ತೆಗೆಯುತ್ತಾರೆ. ಅಕ್ಕನಿಗೆ ಅದು ಊಟಕ್ಕೆ ಮುಂಚೆ ಕೈ ತೊಳೆದುಕೊಂಡಷ್ಟು ಕೆಲಸ. ಆಮೇಲೆ ತೆರೆದ ಬಾಯಿ ಮುಚ್ಚುತ್ತಾಳೆ. ಮುಚ್ಚಿದ ಕಣ್ಣು ತೆರೆಯುತ್ತಾಳೆ. ವಾಲಿದ ಹೆಗಲನ್ನು ನೆಟ್ಟಗೆ ಮಾಡುತ್ತಾಳೆ. ದಾರಿಯಲ್ಲಿ ಜಗಳವಾಡಿಕೊಂಡು ಬಂದ ಗಂಡ ಹೆಂಡತಿ ಒಂದು ಮೊಳ ದೂರ ನಿಂತಿದ್ದರೆ ಅವರಿಬ್ಬರನ್ನೂ ಹತ್ತಿರ ತಂದು ನಿಲ್ಲಿಸುತ್ತಾಳೆ.

ಅವಳ ಕಂಪ್ಯೂಟರಿನಲ್ಲಿ ಬರೀ ಕಣ್ಣುಗಳದ್ದೇ ಒಂದು ಫೋಲ್ಡರ್ ಇದೆ. ಗ್ರೂಪ್ ಫೋಟೋದಲ್ಲಿ ಯಾರಾದರೂ ಕಣ್ಣು ಮಿಟುಕಿಸಿದ್ದರೆ ಅಲ್ಲಿಂದ ಒಂದು ಜೊತೆ ತೆಗೆದು ಕೂಡಿಸುತ್ತಾಳೆ. ನಮ್ಮ ಬೀದಿಯ ಬೇಕರಿಯವನ ಮದುವೆ ಫೋಟೋದಲ್ಲಿ ಅವನ ಮಾವನಿಗೆ ಇರುವುದು ನಮ್ಮ ಚಿಕ್ಕಪ್ಪನ ಕಣ್ಣು. ಅವರಿಗೆ ಗೊತ್ತಿಲ್ಲ, ಹನ್ನೆರಡು ವರ್ಷದಿಂದ ಹಾಲ್‌ನಲ್ಲಿ ತೂಗುಹಾಕಿಕೊಂಡಿದ್ದಾರೆ. ಗುರುತಿನ ಚೀಟಿಯ ಫೋಟೋಗಳನ್ನು ತಿದ್ದುವಂತಿಲ್ಲ ಎಂದು ನಿಯಮ ಬಂದಾಗ ಅಕ್ಕ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಜನ ಪಾಪ ಆ ಮುಖವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಬೇಕಲ್ಲ ಎಂಬುದು ಅವಳ ಸಂಕಟ.

ಇನ್ನೊಂದು ಪದ್ಧತಿ ಇದೆ, ಅದು ನಮ್ಮ ಅಪ್ಪ ಮಾಡಿಟ್ಟು ಹೋದದ್ದು. ತಿದ್ದಿದ ಫೋಟೋ ಸಿದ್ಧವಾದ ಸಂಜೆಯೇ ತಿದ್ದದೇ ಇರುವುದನ್ನು ಅಳಿಸಿಬಿಡಬೇಕು. ಅಪ್ಪನ ಕಾಲದಲ್ಲಿ ಒಬ್ಬಾಕೆ ಕೌಂಟರಿನ ಮೇಲೆ ತನ್ನ ಎರಡು ಫೋಟೋಗಳನ್ನು, ತಿದ್ದಿದ್ದು ಒಂದು, ತಿದ್ದದೇ ಇರುವುದು ಇನ್ನೊಂದು, ಅಕ್ಕಪಕ್ಕ ನೋಡಿ, ಮಾತೇ ಆಡದೆ ಎರಡನ್ನೂ ಅಲ್ಲೇ ಬಿಟ್ಟು ಹೊರಟುಹೋದಳಂತೆ. ಅವತ್ತಿನಿಂದ ನಿಯಮ. ಅಪ್ಪ ಹೋಗಿ ಹದಿನೈದು ವರ್ಷವಾಯಿತು, ನಿಯಮ ಹೋಗಿಲ್ಲ. ಅಕ್ಕ ಪ್ರತಿ ಸಂಜೆ ಶಟರ್ ಎಳೆಯುವ ಮೊದಲು ಕಂಪ್ಯೂಟರಿನಲ್ಲಿ ಹಳೆಯದರ ಮೇಲೇ ಹೊಸದನ್ನು ಉಳಿಸಿ, ಕ್ಯಾಮೆರಾದ ಕಾರ್ಡುಗಳನ್ನೆಲ್ಲ ಖಾಲಿ ಮಾಡಿ, ಕನ್ನಡಕ ಒರೆಸಿಕೊಂಡು ಏಳುತ್ತಾಳೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ನಾಲ್ಕನೆಯ ಕಾಲು ಫೋಟೋದಲ್ಲಿ ಕಂಡರೆ ಅದನ್ನೂ ಅಳಿಸುತ್ತಾಳೆ.

ನಾನು ಅವಳಿಗಿಂತ ಒಂಬತ್ತು ವರ್ಷ ಚಿಕ್ಕವನು. ಫೋಟೋ ತೆಗೆಯುವುದು ನನ್ನ ಪಾಲು, ತಿದ್ದುವುದು ಅವಳ ಪಾಲು. ಇಪ್ಪತ್ತು ವರ್ಷ, ದಿನಕ್ಕೆ ನಲವತ್ತು ಸಲ, ಗಲ್ಲ ಸ್ವಲ್ಪ ಕೆಳಗೆ, ಇಲ್ಲಿ ನೋಡಿ, ಸ್ವಲ್ಪ ನಗಿ ಎಂದು ಹೇಳಿ ಹೇಳಿ ನನಗೆ ಆ ಮಾತುಗಳ ಮೇಲೇ ವಾಕರಿಕೆ ಬಂದಿತ್ತು. ಜನ ಬಾಗಿಲಿನಲ್ಲಿ ಬರುವಾಗ ಚೆನ್ನಾಗಿಯೇ ಇರುತ್ತಾರೆ. ಸ್ಟೂಲಿನ ಮೇಲೆ ಕೂತು ಲೈಟು ಹತ್ತಿದ ಕೂಡಲೇ ಎಲ್ಲರೂ ಒಂದೇ ಮುಖ ಹಾಕಿಕೊಳ್ಳುತ್ತಾರೆ. ನಾನು ಆ ಮುಖವನ್ನು ತೆಗೆಯುತ್ತೇನೆ, ಅಕ್ಕ ಅದನ್ನು ಇನ್ನೂ ಒಂದೇ ಥರ ಮಾಡುತ್ತಾಳೆ. ಇಷ್ಟು ವರ್ಷದಲ್ಲಿ ಇದು ನಾನು ತೆಗೆದದ್ದು ಎಂದು ಎದೆ ತಟ್ಟಿಕೊಂಡು ತೋರಿಸಲು ನನ್ನ ಹತ್ತಿರ ಒಂದೇ ಒಂದು ಫೋಟೋ ಇರಲಿಲ್ಲ. ಅದು ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಲೈಟಿನ ವೈರು ಕೈಕೊಟ್ಟಿತು. ಗುರುತಿನ ಚೀಟಿಗೆ ಫೋಟೋ ತೆಗೆಸಲು ಬಂದಿದ್ದ ನರ್ಸ್ ಒಬ್ಬರು ಕಾಯುತ್ತ ಕೂತು ಮೊಬೈಲಿನಲ್ಲಿ ಏನೋ ಆಟ ಶುರುಮಾಡಿದರು. ವೈರು ಸರಿ ಮಾಡಿ ತಲೆ ಎತ್ತಿದರೆ ಆಕೆ ಕೆಳತುಟಿ ಕಚ್ಚಿಕೊಂಡು, ಒಂದು ಹುಬ್ಬು ಮೇಲೆ ಒಂದು ಹುಬ್ಬು ಕೆಳಗೆ ಮಾಡಿಕೊಂಡು, ತಾನು ಎಲ್ಲಿದ್ದೇನೆ ಎನ್ನುವುದನ್ನೇ ಮರೆತು ಕೂತಿದ್ದರು. ನಾನು ಕೇಳದೆ ಕ್ಲಿಕ್ ಮಾಡಿದೆ. ಆಮೇಲೆ ತೋರಿಸಿದೆ, ಆಕೆ ನಕ್ಕು ಇರಲಿ ಬಿಡಿ ಎಂದರು. ಎರಡು ನಿಮಿಷ ಬಿಟ್ಟು ಸ್ಟೂಲಿನ ಮೇಲೆ ಕೂತಾಗ ಅದೇ ಹಳೇ ಮುಖ. ಅವತ್ತು ನನಗೆ ಹುಚ್ಚು ಹಿಡಿಯಿತು.

ವೀಡಿಯೋ ಗೇಮ್ ಆಡುವವರ ಮುಖಕ್ಕೆ ಕಾವಲುಗಾರ ಇರುವುದಿಲ್ಲ. ಇದು ನಾನು ಕಂಡುಕೊಂಡ ಸತ್ಯ. ಆದರೆ ಕೂಡಲೇ ಸಿಗುವುದಿಲ್ಲ, ಕಾಯಬೇಕು. ಮೊದಲನೇ ಆಟದಲ್ಲಿ ಅವರಿಗೆ ಕ್ಯಾಮೆರಾ ನೆನಪಿರುತ್ತದೆ. ಎರಡನೆಯದರಲ್ಲಿ ಅರ್ಧ ಮರೆಯುತ್ತದೆ. ಮೂರನೆಯದರಲ್ಲಿ ಸೋಲುವ ಹಂತಕ್ಕೆ ಬಂದಾಗ ನೀವು ಅವರ ಮನೆಯ ಬೀರು ಹೊತ್ತುಕೊಂಡು ಹೋದರೂ ತಿರುಗಿ ನೋಡುವುದಿಲ್ಲ. ಟಿವಿಯಲ್ಲಿ ಆಡುವವರಾದರೆ ನಾನು ಟಿವಿಯ ಪಕ್ಕ ನೆಲದ ಮೇಲೆ ಕೂರುತ್ತಿದ್ದೆ, ಪರದೆಯ ಬೆಳಕೇ ಮುಖಕ್ಕೆ ಬೆಳಕು. ಹೀಗೆ ಭಾನುವಾರಗಳನ್ನೆಲ್ಲ ಸುರಿದು ಎರಡು ವರ್ಷದಲ್ಲಿ ಮೂವತ್ತು ಜನರನ್ನು ತೆಗೆದೆ. ನಮ್ಮ ಕ್ಷೌರಿಕ ಗಿರಾಕಿ ಇಲ್ಲದಾಗ ಕುರ್ಚಿಯಲ್ಲಿ ತಾನೇ ಕೂತು ಆಡುತ್ತಾನೆ, ನಾಲಿಗೆ ಒಂದು ಅಂಗುಲ ಹೊರಗೆ. ಲಿಫ್ಟಿನವನು ಏಳು ಮಹಡಿ ಹತ್ತಿ ಇಳಿಯುವಷ್ಟರಲ್ಲಿ ಎರಡು ಆಟ ಮುಗಿಸುತ್ತಾನೆ. ನಿವೃತ್ತ ಹೆಡ್‌ಮಾಸ್ಟರು, ಶಾಲೆಯಲ್ಲಿ ನಮ್ಮನ್ನೆಲ್ಲ ನಡುಗಿಸಿದವರು, ಮೊಮ್ಮಗಳ ಜೊತೆ ಕಾರ್ ರೇಸ್ ಆಡುವಾಗ ಕಾರು ತಿರುಗಿದ ಕಡೆಗೆ ತಾವೂ ಸೋಫಾದ ಮೇಲೆ ವಾಲುತ್ತಾರೆ, ಬಾಯಿ ಬಾವಿಯಷ್ಟು ತೆರೆದಿರುತ್ತದೆ. ಆ ಫೋಟೋ ನೋಡಿದಾಗ ನನಗೆ ಅವರ ಮೇಲಿದ್ದ ಮೂವತ್ತು ವರ್ಷದ ಹೆದರಿಕೆ ಹೋಯಿತು, ಪ್ರೀತಿ ಬಂತು.

ಅಕ್ಕ ನನ್ನ ಹಿಂದೆ ನಿಂತು ಒಂದೊಂದನ್ನೇ ನೋಡಿ ಅಯ್ಯೋ ಪಾಪ ಎನ್ನುತ್ತಿದ್ದಳು. ಜನರ ಮಾನ ಯಾಕೆ ಕಳೆಯುತ್ತೀಯ, ಅವರೇನು ನಿನಗೆ ಅನ್ಯಾಯ ಮಾಡಿದ್ದಾರೆ ಎಂದು ಕೇಳುತ್ತಿದ್ದಳು. ನಾನು ಬಿಡಿಸಿ ಬಿಡಿಸಿ ಹೇಳಿದೆ. ಇದರಲ್ಲಿ ತಪ್ಪೇನೂ ಇಲ್ಲ, ಇದೇ ಅವರ ನಿಜವಾದ ಮುಖ, ಬಾಯಿ ತೆರೆದಿರುವುದಕ್ಕೇ ಈ ಫೋಟೋ ಚೆನ್ನಾಗಿರುವುದು, ಇದನ್ನು ಮುಟ್ಟಬಾರದು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಎಲ್ಲ ಕೇಳಿಸಿಕೊಂಡು, ತಲೆಯಾಡಿಸಿ, ಕೊನೆಗೆ ಹಾಗಾದರೆ ಯಾವಾಗ ತಿದ್ದೋದು ಎಂದು ಕೇಳುತ್ತಿದ್ದಳು.

ಈ ಮೂವತ್ತು ಫೋಟೋಗಳನ್ನು ನಮ್ಮ ಬಡಾವಣೆಯ ಲೈಬ್ರರಿಯವರು ನೋಡಿದರು. ಲೈಬ್ರರಿ ನೋಡಿಕೊಳ್ಳುವ ಮೇಡಂ ಹೆಚ್ಚು ಮಾತಿನವರಲ್ಲ. ಲ್ಯಾಪ್‌ಟಾಪಿನಲ್ಲಿ ಮೂವತ್ತನ್ನೂ ಎರಡೆರಡು ಸಲ ನೋಡಿ, ಓದುವ ಕೋಣೆಯ ಉದ್ದನೆಯ ಗೋಡೆ ಕೊಡುತ್ತೇನೆ, ಹತ್ತು ದಿನ ಇಡಿ, ಬರುವ ಭಾನುವಾರಕ್ಕೆ ಶುರುಮಾಡೋಣ ಎಂದರು. ನನಗೆ ಆ ಹೊತ್ತು ಕಾಲು ನೆಲದ ಮೇಲಿರಲಿಲ್ಲ. ನಲವತ್ತೆರಡನೇ ವಯಸ್ಸಿನಲ್ಲಿ ಮೊದಲ ಸಲ ನನ್ನ ಕೈಯ ಕೆಲಸ ಗೋಡೆಯ ಮೇಲೆ ನನ್ನ ಹೆಸರಿನಲ್ಲಿ ನಿಲ್ಲುವುದಿತ್ತು. ಫೋಟೋಗಳನ್ನೆಲ್ಲ ಸ್ಟುಡಿಯೋದ ಕಂಪ್ಯೂಟರಿಗೆ ಹಾಕಿದೆ, ಅಲ್ಲೇ ದೊಡ್ಡ ಪ್ರಿಂಟರ್ ಇರುವುದು. ಪಕ್ಕದ ಊರಿನಲ್ಲಿ ಮೂರು ದಿನದ ಮದುವೆ ಕೆಲಸ ಒಪ್ಪಿಕೊಂಡಿದ್ದೆ, ಬಂದು ಪ್ರಿಂಟ್ ಹಾಕಿದರಾಯಿತು ಎಂದು ಹೊರಟೆ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಅಲ್ಲಿದ್ದ ಪ್ರತಿಯನ್ನು ನಾನೇ ಅಳಿಸಿದ್ದೆ. ಬುದ್ಧಿವಂತಿಕೆ ಅಂದರೆ ಇದು.

ಬುಧವಾರ ಬೆಳಿಗ್ಗೆ ವಾಪಸ್ ಬಂದೆ. ಅಕ್ಕನ ಕಣ್ಣು ಕೆಂಪಾಗಿತ್ತು, ಮುಖದಲ್ಲಿ ಮಾತ್ರ ಹಬ್ಬ. ನನಗೆ ಟೀ ಕೊಟ್ಟು, ಎಲ್ಲ ಮುಗಿಸಿಟ್ಟಿದ್ದೇನೆ, ನಿನ್ನ ಹೆಸರು ಕೆಡಬಾರದು ಎಂದು ಮೂರು ದಿನ ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ ಎಂದಳು. ನನಗೆ ಏನೂ ಹೊಳೆಯಲಿಲ್ಲ. ಪಾಸ್‌ಪೋರ್ಟ್ ಫೋಟೋಗಳ ವಿಷಯ ಇರಬೇಕೆಂದುಕೊಂಡು ಟೀ ಕುಡಿದೆ. ಅವಳು ಫೋಲ್ಡರ್ ತೆರೆದಳು.

ಮೂವತ್ತು ಜನ ನನ್ನನ್ನೇ ನೋಡುತ್ತಿದ್ದರು. ಒಬ್ಬರ ಬಾಯಿಯೂ ತೆರೆದಿರಲಿಲ್ಲ. ಕ್ಷೌರಿಕನ ನಾಲಿಗೆ ಒಳಗೆ ಹೋಗಿತ್ತು, ತುಟಿಯ ಮೇಲೆ ಸಣ್ಣ ನಗು ಬಂದಿತ್ತು. ಮೊಬೈಲಿನ ಮೇಲಿದ್ದ ಕಣ್ಣುಗಳನ್ನೆಲ್ಲ ಕಿತ್ತು, ತನ್ನ ಫೋಲ್ಡರಿನಿಂದ ಬೇರೆ ಕಣ್ಣು ತಂದು, ಎಲ್ಲರನ್ನೂ ಕ್ಯಾಮೆರಾದ ಕಡೆ ತಿರುಗಿಸಿದ್ದಳು. ಲಿಫ್ಟಿನವನಿಗೆ ಯಾರೋ ಟೀಚರಮ್ಮನ ಕಣ್ಣು ಬಂದಿತ್ತು, ಕದ್ದು ಸಿಕ್ಕಿಬಿದ್ದವನ ಹಾಗೆ ಮೊಬೈಲ್ ಹಿಡಿದು ನಿಂತಿದ್ದ. ಹೆಡ್‌ಮಾಸ್ಟರನ್ನು ನೆಟ್ಟಗೆ ಕೂರಿಸಿದ್ದಳು. ಅವರಂಥವರ ಕೈಯಲ್ಲಿ ಆಟದ ರಿಮೋಟು ಚೆನ್ನಾಗಿ ಕಾಣುವುದಿಲ್ಲವೆಂದು ಅದನ್ನು ಅಳಿಸಿದ್ದಳು. ಈಗ ಅವರ ಎರಡು ಕೈಗಳು ಗಾಳಿಯಲ್ಲಿ ಏನನ್ನೋ ಹಿಡಿದುಕೊಂಡಿದ್ದವು, ಏನು ಎಂದು ಅವರಿಗೂ ಗೊತ್ತಿರಲಿಲ್ಲ. ನರ್ಸ್‌ನ ಹುಬ್ಬುಗಳು ಎರಡೂ ಒಂದೇ ಮಟ್ಟದಲ್ಲಿದ್ದವು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರಲ್ಲ, ಇವಳು ಮೂವತ್ತು ಅಪ್ಪಂದಿರನ್ನು ಮಾಡಿಟ್ಟಿದ್ದಳು.

ಒರಿಜಿನಲ್ ಎಲ್ಲಿ ಎಂದು ಕೇಳಿದೆ. ಕೇಳುವಾಗಲೇ ಉತ್ತರ ಗೊತ್ತಿತ್ತು. ಯಾವತ್ತಾದರೂ ಇಟ್ಟುಕೊಂಡಿದ್ದೇವಾ, ಅಳಿಸಿದೆ ಎಂದಳು, ಕಾರ್ಡುಗಳನ್ನೂ ಖಾಲಿ ಮಾಡಿಟ್ಟಿದ್ದೇನೆ ಎಂದಳು. ಅವಳ ದನಿಯಲ್ಲಿ ಶಹಬ್ಬಾಸ್‌ಗಿರಿ ಬೇಕೆನ್ನುವ ಆಸೆಯಿತ್ತು. ನನ್ನ ಪಿತ್ತ ನೆತ್ತಿಗೇರಿತು. ಏನೇನು ಅಂದೆನೋ ಎಲ್ಲ ನೆನಪಿಲ್ಲ. ಒಂದು ಮಾತು ಮಾತ್ರ ನೆನಪಿದೆ.

"ನಿನ್ನ ಮುಖ ನಿನಗೆ ಬೇಡ ಅಂತ ಊರಿನವರ ಮುಖಾನೆಲ್ಲ ಯಾಕೆ ಕಿತ್ಕೋತೀಯ?"

ಅಕ್ಕ ಎಡಗೈ ಎತ್ತಿ ಎಡಗೆನ್ನೆಯ ಮೇಲೆ ಇಟ್ಟುಕೊಂಡಳು, ಲೋಟ ತೆಗೆದುಕೊಂಡು ಒಳಗೆ ಹೋದಳು. ಆಮೇಲೆ ಭಾನುವಾರದವರೆಗೆ ನನ್ನ ಜೊತೆ ಮಾತಾಡಲಿಲ್ಲ.

ಆ ಕೈಯ ವಿಷಯ ಹೇಳಬೇಕು. ಅಕ್ಕನಿಗೆ ಹದಿನೇಳು ವರ್ಷವಿದ್ದಾಗ ಒಂದು ಬೆಳಿಗ್ಗೆ ಎದ್ದರೆ ಮುಖದ ಎಡಭಾಗ ಸೋತುಹೋಗಿತ್ತು. ಔಷಧಿ ಮಾಡಿದರು, ಬಹಳ ಮಟ್ಟಿಗೆ ವಾಸಿಯಾಯಿತು, ಆದರೆ ಬಾಯಿಯ ಎಡತುದಿ ಕೆಳಗೆ ಜಾರಿದ್ದು ಜಾರಿಯೇ ಉಳಿಯಿತು. ಎರಡು ವರ್ಷ ಬಿಟ್ಟು ಸಂಬಂಧ ನೋಡುವ ಮಾತು ಬಂದಾಗ ಅಪ್ಪ ಅವಳ ಫೋಟೋ ತೆಗೆದು, ತಾವೇ ಬ್ರಷ್ ಹಿಡಿದು, ಬಾಯಿ ನೆಟ್ಟಗೆ ಮಾಡಿ ಕಳಿಸಿದರು. ಹುಡುಗನ ಕಡೆಯವರು ಫೋಟೋ ಒಪ್ಪಿ ಮನೆಗೆ ಬಂದರು. ಹುಡುಗನ ಸೋದರತ್ತೆ ಫೋಟೋ ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು. ಅಕ್ಕ ಬಂದು ನಿಂತಾಗ ಒಮ್ಮೆ ಫೋಟೋ ನೋಡಿದರು, ಒಮ್ಮೆ ಅವಳನ್ನು ನೋಡಿದರು, ಆಮೇಲೆ ನಮ್ಮ ಅಮ್ಮನನ್ನು, ಫೋಟೋದಲ್ಲಿರುವ ಹುಡುಗಿ ಎಲ್ಲಿ ಎಂದು ಕೇಳಿದರು. ತಮಾಷೆಗೆ ಕೇಳಲಿಲ್ಲ, ನಿಜವಾಗಿಯೇ ಕೇಳಿದರು. ನನಗೆ ಆಗ ಹತ್ತು ವರ್ಷ, ಬಾಗಿಲ ಸಂದಿಯಲ್ಲಿ ನಿಂತು ನೋಡಿದ್ದೇನೆ.

ಬೇರೆ ಯಾರಾದರೂ ಆಗಿದ್ದರೆ ಅವತ್ತಿನಿಂದ ಫೋಟೋ ತಿದ್ದುವುದೆಂದರೆ ಉರಿದುಬೀಳುತ್ತಿದ್ದರು. ನಮ್ಮ ಅಕ್ಕ ಮಾರನೇ ದಿನ ಅಪ್ಪನ ಹತ್ತಿರ ಹೋಗಿ, ನೀವು ಮಾಡಿದ್ದು ಸರಿಯಾಗಿಲ್ಲ, ಬ್ರಷ್ ಇಲ್ಲಿ ಕೊಡಿ ಎಂದಳಂತೆ. ಮದುವೆಯ ಮಾತನ್ನು ಮತ್ತೆ ಎತ್ತಗೊಡಲಿಲ್ಲ. ಎಡಗೈ ಗಿರಾಕಿಗಳ ಮುಂದೆ ಯಾವಾಗಲೂ ಕೆನ್ನೆಯ ಮೇಲೆ. ಮನೆಯ ಫೋಟೋಗಳಲ್ಲಿ ಅವಳು ಇರುವುದಿಲ್ಲ, ಇದ್ದರೆ ಕೆನ್ನೆಗೆ ಕೈ ಕೊಟ್ಟು ಯೋಚನೆ ಮಾಡುವವಳ ಹಾಗೆ ಇರುತ್ತಾಳೆ, ಅದನ್ನೂ ಸಂಜೆಯೊಳಗೆ ತಿದ್ದಿರುತ್ತಾಳೆ. ಇಷ್ಟೆಲ್ಲ ಗೊತ್ತಿದ್ದ ನಾನು ಆ ಮಾತು ಆಡಿದೆ. ಆಡಿದ ಮೇಲೆ ನಾಚಿಕೆಯಾಯಿತು, ಆದರೆ ಸಿಟ್ಟು ಇಳಿಯಲಿಲ್ಲ. ಎರಡೂ ಒಟ್ಟಿಗೇ ಇದ್ದವು.

ಭಾನುವಾರಕ್ಕೆ ನಾಲ್ಕು ದಿನ. ಮತ್ತೆ ತೆಗೆಯೋಣವೆಂದು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಊರು ಸುತ್ತಿದೆ. ನರ್ಸ್‌ಗೆ ಬೇರೆ ಊರಿಗೆ ವರ್ಗವಾಗಿತ್ತು. ಕ್ಷೌರಿಕ ಸಂತೋಷದಿಂದ ಕುರ್ಚಿಯಲ್ಲಿ ಕೂತು, ನಾಲಿಗೆ ಎಷ್ಟು ಹೊರಗೆ ಹಾಕಲಿ ಎಂದು ಕೇಳಿದ. ಅವನಿಗೆ ಈಗ ವಿಷಯ ಗೊತ್ತಾಗಿಬಿಟ್ಟಿತ್ತು. ಮೈಮರೆತವನ ಹಾಗೆ ಎಷ್ಟು ಚೆನ್ನಾಗಿ ನಟಿಸಿದನೆಂದರೆ ನನಗೆ ಅಲ್ಲೇ ಅವನ ಕತ್ತರಿ ತೆಗೆದುಕೊಂಡು ನನ್ನ ಕೂದಲು ಕತ್ತರಿಸಿಕೊಳ್ಳಬೇಕೆನಿಸಿತು. ಹೆಡ್‌ಮಾಸ್ಟರು ಕೋಟು ಹಾಕಿಕೊಂಡು ಬಂದು ಕೂತರು. ಮೂರು ಆಟ, ಐದು ಆಟ, ಎಂಟು ಆಟ ಕಾದೆ. ಕಾರು ಎಡಕ್ಕೆ ತಿರುಗಿದರೂ ಅವರು ತಿರುಗಲಿಲ್ಲ.

ಇದಕ್ಕಿಂತ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ನಾನು ಊರು ಸುತ್ತುತ್ತಿದ್ದಾಗ ಅಕ್ಕ ಸ್ಟುಡಿಯೋಗೆ ಬಂದವರಿಗೆಲ್ಲ ತಾನು ತಿದ್ದಿದ ಫೋಟೋ ತೋರಿಸಿದ್ದಳು. ಎಲ್ಲರಿಗೂ ಇಷ್ಟವಾಗಿತ್ತು. ಲಿಫ್ಟಿನವನು ಟೀಚರಮ್ಮನ ಕಣ್ಣಿನ ಫೋಟೋವನ್ನು ಮನೆಗೆ ದೊಡ್ಡದಾಗಿ ಹಾಕಿಸಿಕೊಂಡು ಹೋಗಿದ್ದ, ಹೆಂಡತಿ ಮೊದಲ ಸಲ ಅವನ ಫೋಟೋ ಚೆನ್ನಾಗಿದೆ ಎಂದಳಂತೆ. ಹೆಡ್‌ಮಾಸ್ಟರು ನನ್ನ ಭುಜ ತಟ್ಟಿ, ಮೊದಲು ತೆಗೆದದ್ದು ಸ್ವಲ್ಪ ಹಾಗಿತ್ತು, ಅಕ್ಕ ಮಾನ ಉಳಿಸಿದಳು ನೋಡು ಎಂದರು. ನನ್ನ ಪಕ್ಷಕ್ಕೆ ಯಾರೂ ಇರಲಿಲ್ಲ. ನಾನು ಯಾರ ಮುಖಗಳಿಗಾಗಿ ಕಿತ್ತಾಡುತ್ತಿದ್ದೆನೋ ಅವರೂ ಇರಲಿಲ್ಲ.

ಲೈಬ್ರರಿ ಮೇಡಂ ಹತ್ತಿರ ಹೋಗಿ ಆದದ್ದನ್ನು ಹೇಳಿ ಅಕ್ಕ ತಿದ್ದಿದ ಫೋಟೋಗಳನ್ನು ತೋರಿಸಿದೆ. ಅವರು ನಾಲ್ಕು ಫೋಟೋ ನೋಡಿ ಲ್ಯಾಪ್‌ಟಾಪ್ ಮುಚ್ಚಿದರು. ಇದಕ್ಕೆ ಗೋಡೆ ಕೊಡಲಾರೆ, ತಿದ್ದದೇ ಇರುವುದು ಒಂದಾದರೂ ಇದ್ದರೆ ತನ್ನಿ ಎಂದರು.

ಒಂದು ಇತ್ತು. ಅಕ್ಕನದು.

ಮಧ್ಯಾಹ್ನ ಎರಡರಿಂದ ಮೂರರವರೆಗೆ ನಾವು ಶಟರ್ ಅರ್ಧ ಎಳೆಯುತ್ತೇವೆ. ಆ ಒಂದು ಗಂಟೆ ಅಕ್ಕ ಗಿರಾಕಿಗಳ ಮೆಸೇಜ್ ನೋಡುತ್ತೇನೆ ಎಂದು ಹೇಳಿ ಮೊಬೈಲ್ ಹಿಡಿದು ಕೂರುತ್ತಾಳೆ. ಮೆಸೇಜೂ ಇಲ್ಲ ಮಣ್ಣೂ ಇಲ್ಲ, ಬಣ್ಣದ ಗೋಲಿಗಳನ್ನು ಸಾಲು ಮಾಡಿ ಒಡೆಯುವ ಆಟ. ಅದು ಎರಡು ಹೆಬ್ಬೆರಳೂ ಬೇಕಾದ ಆಟ. ಹಾಗಾಗಿ ಆ ಒಂದು ಗಂಟೆ ಮಾತ್ರ ಅವಳ ಎಡಗೈ ಕೆನ್ನೆಯ ಮೇಲೆ ಇರುವುದಿಲ್ಲ. ಆರು ತಿಂಗಳ ಹಿಂದೆ ಒಂದು ದಿನ ನಾನು ಹಳೆಯ ಡಾರ್ಕ್‌ರೂಮಿನ ಬಾಗಿಲ ಹಿಂದೆ ನಿಂತು ತೆಗೆದಿದ್ದೆ. ಆ ಕಾರ್ಡನ್ನು ಅವಳ ಕೈಗೆ ಸಿಗದ ಹಾಗೆ ನನ್ನ ಮನೆಯ ಕಪಾಟಿನಲ್ಲಿ, ಬಟ್ಟೆಗಳ ಕೆಳಗೆ ಇಟ್ಟಿದ್ದೆ. ಮೂವತ್ತರಲ್ಲಿ ಅದನ್ನು ಸೇರಿಸಿರಲಿಲ್ಲ, ಸೇರಿಸುವ ಧೈರ್ಯ ಇರಲಿಲ್ಲ.

ಶುಕ್ರವಾರ ಆ ಫೋಟೋ ತೆಗೆದು ನೋಡಿದೆ. ಕನ್ನಡಕ ಮೂಗಿನ ತುದಿಗೆ ಜಾರಿದೆ. ಬಾಯಿಯ ಎಡತುದಿ ಪೂರ್ತಿ ಕೆಳಗೆ ಬಿದ್ದು, ಅಲ್ಲಿಂದ ನಾಲಿಗೆಯ ತುದಿ ಸ್ವಲ್ಪ ಕಾಣುತ್ತಿದೆ. ಕಣ್ಣುಗಳಲ್ಲಿ ಮಾತ್ರ ಎಂಥ ಗಮನ, ಎಂಥ ತುಂಟತನ. ಐವತ್ತೊಂದು ವರ್ಷದ ಹೆಂಗಸಿನ ಒಳಗೆ ಹದಿನಾರರ ಹುಡುಗಿ ಕೂತು ಆಡುತ್ತಿದ್ದಳು. ಮೂವತ್ತೊಂದರಲ್ಲಿ ಇದೇ ಎಲ್ಲಕ್ಕಿಂತ ಒಳ್ಳೆಯದೆಂದು ನನಗೆ ಮೊದಲಿನಿಂದಲೂ ಗೊತ್ತಿತ್ತು.

ಹೇಳದೆ ಕೇಳದೆ ಗೋಡೆಗೆ ಹಾಕಿಬಿಡಬಹುದಿತ್ತು. ಹಾಕಬೇಕೆಂದು ಮನಸ್ಸೂ ಆಗಿತ್ತು, ಅದರಲ್ಲಿ ಅರ್ಧ ಸೇಡು ಎಂದು ಒಪ್ಪಿಕೊಳ್ಳುತ್ತೇನೆ. ಅವಳು ಮೂವತ್ತು ಜನರನ್ನು ಕೇಳದೆ ತಿದ್ದಿದಳು, ನಾನು ಅವಳೊಬ್ಬಳನ್ನು ಕೇಳದೆ ತಿದ್ದದೇ ಹಾಕುತ್ತೇನೆ, ಲೆಕ್ಕ ಸರಿಹೋಯಿತು ಎಂದುಕೊಂಡೆ. ಆದರೆ ಆ ಅತ್ತೆ ಫೋಟೋ ಹಿಡಿದುಕೊಂಡು ಕೂತದ್ದು ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿತ್ತು. ಶನಿವಾರ ಬೆಳಿಗ್ಗೆ ಕಾರ್ಡನ್ನು ಅವಳ ಮೇಜಿನ ಮೇಲೆ ಇಟ್ಟೆ. ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳೋಣವೆಂದು ಮೂರು ಸಲ ಕೈ ಹೋಗಿತ್ತು, ಮಾಡಿಕೊಳ್ಳಲಿಲ್ಲ. ಹಿಂದೆ ಒಂದು ಇಟ್ಟುಕೊಂಡು ಮುಂದೆ ನಿನ್ನಿಷ್ಟ ಎನ್ನುವುದು ಮೋಸವಾಗುತ್ತಿತ್ತು.

"ಇದೊಂದೇ ಉಳಿದಿರೋದು. ಹಾಕ್ಬೇಕಾ ಬೇಡ್ವಾ ನೀನೇ ನೋಡು. ತಿದ್ದೋದಾದ್ರೆ ತಿದ್ದು" ಎಂದೆ. ಅವಳು ಯಾವುದು ಎಂದೂ ಕೇಳಲಿಲ್ಲ. ನಾನು ಹೊರಗೆ ಹೋದೆ, ಮಾಡಲು ಕೆಲಸವಿಲ್ಲದೆ ಸಂಜೆಯವರೆಗೆ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಅವಳು ತಿದ್ದುತ್ತಾಳೆ, ಸಂಜೆ ಪದ್ಧತಿ ಪ್ರಕಾರ ಒರಿಜಿನಲ್ ಅಳಿಸುತ್ತಾಳೆ, ಎರಡು ವರ್ಷದ ಕೆಲಸದ ಕೊನೆಯ ಚೂರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಹೋಗುತ್ತದೆ ಎಂದು ನನಗೆ ಖಾತ್ರಿಯಾಗಿತ್ತು.

ಭಾನುವಾರ ಬೆಳಿಗ್ಗೆ ಕೌಂಟರಿನ ಮೇಲೆ ಸುತ್ತಿಟ್ಟ ದೊಡ್ಡ ಪ್ರಿಂಟ್ ಇತ್ತು. ಅಕ್ಕ ಒಳಗೆ ಏನೋ ಮಾಡುತ್ತಿದ್ದಳು, ಹೊರಗೆ ಬರಲಿಲ್ಲ. ಬಿಚ್ಚಿದೆ. ಮೊದಲು ಕಂಡದ್ದು ಗೋಡೆ. ಅವಳ ಬೆನ್ನಿನ ಹಿಂದೆ ನಮ್ಮ ಸ್ಟುಡಿಯೋದ ಗೋಡೆಯಲ್ಲಿ ಒಂದು ತೇವದ ಕಲೆ ಇತ್ತು, ಅದು ಇರಲಿಲ್ಲ. ವಾರೆಯಾಗಿ ನೇತಾಡುತ್ತಿದ್ದ ಕ್ಯಾಲೆಂಡರ್ ನೆಟ್ಟಗಾಗಿತ್ತು. ಮೇಜಿನ ಮೇಲಿನ ಧೂಳೂ ಹೋಗಿತ್ತು. ನನಗೆ ಅಳು ಬರುವುದೊಂದು ಬಾಕಿ. ಆಮೇಲೆ ಮುಖ ನೋಡಿದೆ. ಕಣ್ಣು ಆಟದ ಮೇಲೇ ಇತ್ತು. ನಾಲಿಗೆಯ ತುದಿ ಇತ್ತು. ಬಾಯಿಯ ಎಡತುದಿ ಎಲ್ಲಿ ಬಿದ್ದಿತ್ತೋ ಅಲ್ಲೇ ಇತ್ತು. ಮುಖವನ್ನು ಅವಳು ಮುಟ್ಟಿರಲಿಲ್ಲ.

ಲೈಬ್ರರಿಯವರು ನನ್ನ ಮಾತು ನಂಬಿ ಮೊದಲೇ ಮೂವತ್ತು ಮೊಳೆ ಹೊಡೆಸಿಟ್ಟಿದ್ದರು. ಉದ್ದನೆಯ ಗೋಡೆಯಲ್ಲಿ ನಡುವಿನ ಮೊಳೆಗೆ ಒಂದೇ ಫೋಟೋ ಹಾಕಿದೆ. ಮೇಡಂ ನೋಡಿ, ಇದು ಸಾಕು ಎಂದರು. ನನಗೆ ಸಾಕಾಗಿರಲಿಲ್ಲ. ಬೆಳಿಗ್ಗೆಯೆಲ್ಲ ಹತ್ತು ಹನ್ನೆರಡು ಜನ ಬಂದರು. ಪೇಪರ್ ಓದಲು ಬಂದವರು ಬಾಕಿ ಫೋಟೋ ಯಾವಾಗ ಬರುತ್ತೆ ಎಂದು ಕೇಳಿದರು. ಕ್ಷೌರಿಕ ಬಂದು ಬಹಳ ಹೊತ್ತು ಫೋಟೋದ ಮುಂದೆ ನಿಂತಿದ್ದ, ಯಾವ ಆಟ ಇದು ಎಂದು ಕೇಳಿ ಹೋದ. ಅವನು ಬಾಯಿಯ ವಿಷಯ ಎತ್ತಲಿಲ್ಲ, ಆಟದ ವಿಷಯ ಎತ್ತಿದ. ನನಗೆ ಅಷ್ಟಕ್ಕೇ ಅವನ ಮೇಲಿದ್ದ ಸಿಟ್ಟು ಇಳಿಯಿತು.

ಹನ್ನೆರಡು ಗಂಟೆಗೆ ಅಕ್ಕ ಬಂದಳು. ಒಬ್ಬಳೇ ಬಂದಳು. ಓದುವ ಕೋಣೆಯಲ್ಲಿ ಆಗ ಯಾರೂ ಇರಲಿಲ್ಲ. ಫೋಟೋದ ಹತ್ತಿರ ಹೋಗಿ ಮೂಗು ತಾಗುವಷ್ಟು ಬಗ್ಗಿ ನೋಡಿ, ಕ್ಯಾಲೆಂಡರ್ ಇನ್ನೂ ಒಂದು ಕೂದಲೆಳೆ ವಾರೆ ಇದೆ ಎಂದಳು. ಬುಧವಾರದಿಂದ ನನ್ನ ಜೊತೆ ಆಡಿದ ಮೊದಲ ಮಾತು ಅದು. ಆಮೇಲೆ ಅದು ಒಂಬೈನೂರ ಹದಿನಾಲ್ಕನೇ ಲೆವೆಲ್, ಅದರಲ್ಲಿ ಹನ್ನೊಂದು ದಿನ ಸಿಕ್ಕಿಹಾಕಿಕೊಂಡಿದ್ದೆ, ಅವತ್ತೇ ದಾಟಿದ್ದು ಎಂದಳು. ಪರದೆ ಫೋಟೋದಲ್ಲಿ ಕಾಣುವುದಿಲ್ಲ. ಹೇಗೆ ಗೊತ್ತಾಯಿತು ಎಂದು ಕೇಳಿದೆ. ಮುಖ ನೋಡಿದರೆ ಗೊತ್ತಾಗಲ್ವಾ ಎಂದಳು.

ಮೊನ್ನೆ ಆಡಿದ್ದು ತಪ್ಪು ಮಾತು, ಆಡಬಾರದಿತ್ತು ಎಂದು ಹೇಳಿದೆ. ಅವಳು ಹೋಗಿ ಬೆಂಚಿನ ಮೇಲೆ ಕೂತಳು. ನಾನೂ ಪಕ್ಕದಲ್ಲಿ ಕೂತೆ. ತಿದ್ದು ಎಂದಿದ್ದೆ, ಯಾಕೆ ತಿದ್ದಲಿಲ್ಲ ಎಂದು ಕೇಳಿದೆ.

"ತಿದ್ದಿದೆ ಕಣೋ. ನಾಲ್ಕು ಸಲ ತಿದ್ದಿದೆ. ಆ ಬಾಯಿ ತುದಿ ಮೇಲೆತ್ತಿದ ತಕ್ಷಣ ಅವಳು ಆಟ ಬಿಟ್ಟುಬಿಡ್ತಾಳೆ. ಸುಮ್ನೆ ಮೊಬೈಲ್ ಹಿಡ್ಕೊಂಡು ಕೂತಿರೋ ಹಾಗೆ ಕಾಣ್ತಾಳೆ. ಕೆಳಗೆ ಬಿಟ್ರೆ ಮತ್ತೆ ಆಡ್ತಾಳೆ."

ಅವಳು ಫೋಟೋ ಬಿಟ್ಟು, ಆ ಕಡೆ ಈ ಕಡೆ ಖಾಲಿ ನಿಂತಿದ್ದ ಮೊಳೆಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ಗೋಡೆಯ ಕೊನೆ ತಲುಪುವ ಹೊತ್ತಿಗೆ ಅವಳ ಕಣ್ಣು ತುಂಬಿತ್ತು.

"ಹಾಗಾದ್ರೆ ಅವರೆಲ್ಲರ ಆಟಾನೂ ನಾನೇ ನಿಲ್ಲಿಸಿಬಿಟ್ನಾ?"

ನಾಲ್ಕು ದಿನದಿಂದ ಈ ಮಾತು ಅವಳ ಬಾಯಲ್ಲಿ ಬರಲಿ ಎಂದೇ ನಾನು ಹಲ್ಲು ಕಚ್ಚಿಕೊಂಡಿದ್ದೆ. ಬಂದಾಗ ಏನೂ ಸಂತೋಷವಾಗಲಿಲ್ಲ. ಹೌದು ಅಕ್ಕ ಎಂದೆ.

ಅವಳು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡಳು.

"ಇದನ್ನ ಮೊದಲೇ ಬಿಡಿಸಿ ಹೇಳೋಕೆ ನಿನಗೇನಾಗಿತ್ತು?"

ಎರಡು ವರ್ಷ ನಾನು ಇನ್ನೇನು ಹೇಳುತ್ತಿದ್ದೆ ಎಂದು ಕೇಳಬೇಕೆನಿಸಿತು. ಗೋಡೆಗೆ ತಲೆ ಚಚ್ಚಿಕೊಳ್ಳೋಣವೆಂದರೆ ಗೋಡೆ ತುಂಬ ಮೊಳೆ. ಹೇಳಬೇಕಿತ್ತು, ತಪ್ಪಾಯಿತು ಎಂದೆ.